ಕತ್ತಲಾಗುವುದರೊಳಗೆ ಘಾಟಿ ಇಳಿಯಬೇಕು

ನನ್ನ ತವರು ತೀರ್ಥಹಳ್ಳಿ ಕಡೆ, ಇವರದು ಉಡುಪಿ. ನಡುವೆ ಆಗುಂಬೆ ಘಾಟಿ. ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು. ಆ ಮನೆಯಿಂದ ಹೊರಟರೂ, ಈ ಮನೆಯಿಂದ ಹೊರಟರೂ ಹಿರಿಯರು ಹೇಳುವ ಮಾತು ಒಂದೇ: "ಕತ್ತಲಾಗೋದ್ರೊಳಗೆ ಘಾಟಿ ದಾಟ್ಕೊಳ್ಳಿ." ಅದು ಇವರ ತಲೆಯಲ್ಲಿ ಎಷ್ಟು ಕೂತಿದೆ ಅಂದರೆ, ಎಲ್ಲಿಗೆ ಹೋದರೂ ಮಧ್ಯಾಹ್ನ ಮೂರು ಗಂಟೆಯಾದರೆ ಸಾಕು, "ನಡಿ ನಡಿ, ಹೊತ್ತಾಯ್ತು" ಶುರು. ಊಟಿಯಲ್ಲೂ ಅಷ್ಟೇ, ಹಂಪಿಯಲ್ಲೂ ಅಷ್ಟೇ. ಹಂಪಿಯಲ್ಲಿ ಯಾವ ಘಾಟಿ ಅಂತ ಕೇಳಿದರೆ ಉತ್ತರ ಇಲ್ಲ.

ಇಂಥವರ ಜೊತೆ 2024ರ ಜೂನ್‌ನಲ್ಲಿ ಹನ್ನೊಂದು ದಿನ ನಾರ್ವೆಗೆ ಹೋಗಿಬಂದೆ. ಮಗಳು ಹಾಸ್ಟೆಲ್ ಸೇರಿ ಮನೆ ಭಣಭಣ ಅನ್ನುತ್ತಿತ್ತು, ಹೊರಟೇಬಿಟ್ಟೆವು. ವೀಸಾ, ಟಿಕೆಟ್, ಕಾರು ಎಲ್ಲ ಇವರದೇ ಉಸ್ತುವಾರಿ. ನನ್ನ ಪಾಲಿಗೆ ಬಂದಿದ್ದು ಪೆಟ್ಟಿಗೆ ತುಂಬುವ ಕೆಲಸ: ಗೊಜ್ಜವಲಕ್ಕಿ, ಚಟ್ನಿಪುಡಿ, ಅಪ್ಪೆಮಿಡಿ, ಪುಟ್ಟ ಎಲೆಕ್ಟ್ರಿಕ್ ಕುಕ್ಕರ್, ಕಡ್ಲೆ ಚಿಕ್ಕಿ, ಇವರ ಎರಡು ಪಂಚೆ. ಪಂಚೆ ಉಡದೆ ಇವರಿಗೆ ನಿದ್ದೆ ಬರುವುದಿಲ್ಲ.

ದಿನ 1 ಮತ್ತು 2: ಓಸ್ಲೋ

ನಿದ್ದೆಯ ವಿಷಯಕ್ಕೇ ಮೊದಲು ಬರುತ್ತೇನೆ. ಓಸ್ಲೋದಲ್ಲಿ ಆ ದಿನಗಳಲ್ಲಿ ಸೂರ್ಯ ಮುಳುಗುವುದು ರಾತ್ರಿ ಮುಕ್ಕಾಲು ಹನ್ನೊಂದರ ಹೊತ್ತಿಗೆ. ಮುಳುಗಿದ ಮೇಲೂ ಕತ್ತಲಾಗುವುದಿಲ್ಲ. ಮನೆಯಲ್ಲಿ ಮುಸ್ಸಂಜೆ ದೀಪ ಹಚ್ಚುವ ಹೊತ್ತಿನ ಬೆಳಕು ಇರುತ್ತದಲ್ಲ, ಅದು ಹಾಗೇ ನಿಂತುಬಿಡುತ್ತದೆ. ಬೆಳಗಿನ ನಾಲ್ಕಕ್ಕೆ ಮತ್ತೆ ಬಿಸಿಲು.

ಮೊದಲ ರಾತ್ರಿ ಹತ್ತೂವರೆಗೆ ಒಪೆರಾ ಕಟ್ಟಡದ ಚಾವಣಿಯ ಮೇಲೆ ನಡೆದೆವು. 2008ರಲ್ಲಿ ತೆರೆದ ಕಟ್ಟಡ ಅದು. ಬಿಳಿ ಕಲ್ಲಿನ ಚಾವಣಿ ಇಳಿಜಾರಾಗಿ ಬಂದು ಸೀದಾ ಸಮುದ್ರದ ನೀರಿಗೆ ಮುಟ್ಟುತ್ತದೆ. ಟಿಕೆಟ್ ಇಲ್ಲ, ಯಾರು ಬೇಕಾದರೂ ಹತ್ತಬಹುದು. ಹುಡುಗರು ಪಿಜ್ಜಾ ಡಬ್ಬ ಬಿಚ್ಚಿ ಕೂತಿದ್ದರು. ಇವರು ಮಾತ್ರ ಗಡಿಯಾರ ನೋಡಿ ಚಡಪಡಿಸುತ್ತಿದ್ದರು. "ಹೊತ್ತಾಯ್ತು ಅನ್ನೋಣ ಅಂದ್ರೆ ಬೆಳಕಿದೆ. ಇನ್ನೂ ಹೊತ್ತಿದೆ ಅನ್ನೋಣ ಅಂದ್ರೆ ಹತ್ತೂವರೆ. ಏನ್ ಮಾಡೋದು?" ನಾನು ಹೇಳಿದೆ, "ಸುಮ್ನೆ ಕೂತ್ಕೊಳ್ಳಿ."

ಮರುದಿನ ವಿಗೆಲಾಂಡ್ ಪಾರ್ಕ್. ಗುಸ್ತಾವ್ ವಿಗೆಲಾಂಡ್ ಒಬ್ಬನೇ ಮಾಡಿದ ಇನ್ನೂರಕ್ಕೂ ಹೆಚ್ಚು ಶಿಲ್ಪಗಳು, ಎಲ್ಲ ಬೆತ್ತಲೆ ಮನುಷ್ಯರು: ಹುಟ್ಟುವವರು, ಜಗಳವಾಡುವವರು, ಮುದುಕರು. ನಡುವೆ ಹದಿನಾಲ್ಕು ಮೀಟರ್ ಎತ್ತರದ ಒಂದೇ ಕಲ್ಲಿನ ಕಂಬದಲ್ಲಿ 121 ದೇಹಗಳು ಒಂದನ್ನೊಂದು ತಬ್ಬಿ ಮೇಲೇರುತ್ತವೆ. ಕಂಬಕ್ಕಿಂತ ನನಗೆ ಹಿಡಿಸಿದ್ದು ಸೇತುವೆಯ ಮೇಲೆ ಕಾಲು ಅಪ್ಪಳಿಸಿ ಅಳುತ್ತಿರುವ ಪುಟ್ಟ ಹುಡುಗ. ಬಂದವರೆಲ್ಲ ಮುಟ್ಟಿ ಮುಟ್ಟಿ ಅವನ ಎಡಗೈ ಚಿನ್ನದ ಹಾಗೆ ಹೊಳೆಯುತ್ತಿತ್ತು.

ಸಂಜೆ ಗ್ರೋನ್‌ಲಾಂಡ್ ಎಂಬ ಬಡಾವಣೆಗೆ ಹೋಗಿ ಅಕ್ಕಿ, ಈರುಳ್ಳಿ, ಕರಿಬೇವು ತಂದೆವು. ಶ್ರೀಲಂಕಾದ ತಮಿಳರು ಈ ದೇಶಕ್ಕೆ ಬಂದು ನೆಲೆಸಿ ದಶಕಗಳಾಗಿವೆ. ಅಂಗಡಿಯಾತ ಕರಿಬೇವಿನ ಪೊಟ್ಟಣ ಕೊಡುತ್ತ, "ದಾರಿಯಲ್ಲಿ ಇದು ಎಲ್ಲೂ ಸಿಗಲ್ಲ, ಎರಡು ತಗೊಳ್ಳಿ" ಅಂದ. ಇವರು ಮನಸ್ಸಲ್ಲೇ ಎಂಟರಿಂದ ಗುಣಿಸಿದರು. ಆಗ ಒಂದು ಕ್ರೋನೆ ಅಂದರೆ ನಮ್ಮ ಸುಮಾರು ಎಂಟು ರೂಪಾಯಿ. ಗುಣಿಸಿ ಒಂದೇ ತಗೊಂಡರು. ಐದನೇ ದಿನಕ್ಕೆ ಕರಿಬೇವು ಮುಗಿಯಿತು.

ದಿನ 3: ಹರ್ದಾಂಗರ್ ಬಯಲು

ಕಾರು ಎಲೆಕ್ಟ್ರಿಕ್. ಆ ವರ್ಷ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಬ್ಯಾಟರಿಯವೇ, ಹಾಗಾಗಿ ಬಾಡಿಗೆಗೂ ಅದೇ ಸುಲಭ. ಸ್ಟೀರಿಂಗ್ ಎಡಗಡೆ, ಓಡಿಸುವುದು ರಸ್ತೆಯ ಬಲಗಡೆ. ಇವರು ಅದಕ್ಕೆ ಅರ್ಧ ಗಂಟೆಯಲ್ಲಿ ಹೊಂದಿಕೊಂಡರು. ಹೊಂದದೇ ಉಳಿದಿದ್ದು ಇಂಡಿಕೇಟರ್. ನಮ್ಮ ಕಾರಿನಲ್ಲಿ ಅದು ಬಲಗೈಗೆ, ಇಲ್ಲಿ ಎಡಗೈಗೆ. ಪ್ರತಿ ತಿರುವಿನಲ್ಲೂ ಒಣ ಗಾಜಿನ ಮೇಲೆ ವೈಪರ್ ಕರಕರ ಓಡುತ್ತಿತ್ತು. ಓಸ್ಲೋ ದಾಟುವಷ್ಟರಲ್ಲಿ ಹಿಂದಿನವರಿಗೆಲ್ಲ ನಮ್ಮ ಕಾರಿನ ಭಾಷೆ ಅರ್ಥವಾಗಿರಬೇಕು: ವೈಪರ್ ಬಂತು ಅಂದರೆ ಇವರು ತಿರುಗುತ್ತಾರೆ.

ಒಂದು ಮಾತು. ಅಲ್ಲಿ ಹಗಲಲ್ಲೂ ಹೆಡ್‌ಲೈಟ್ ಹಾಕಿರಲೇಬೇಕು. ಊರ ಹೊರಗೆ ಸಾಮಾನ್ಯವಾಗಿ ಗಂಟೆಗೆ 80 ಕಿಮೀ, ಊರೊಳಗೆ 50. ಮೀರಿದರೆ ದಂಡ ಹೊಟ್ಟೆ ಉರಿಸುವಷ್ಟು. 80ರ ರಸ್ತೆಯಲ್ಲೂ ತಿರುವು, ಕುರಿ, ಸೇತುವೆ ಅಂತ 60 ದಾಟುವುದು ಕಷ್ಟ. ನಕ್ಷೆ ನಾಲ್ಕು ಗಂಟೆ ಅಂದರೆ ನೀವು ಆರು ಅಂದುಕೊಳ್ಳಿ.

ಹಾಲಿಂಗ್‌ದಾಲ್ ಕಣಿವೆ ಹಿಡಿದು ಯೈಲೋ ಊರಿಗೆ ಬಂದು ಕಾರು ಚಾರ್ಜಿಗೆ ಹಾಕಿದೆವು. ಪೆಟ್ರೋಲ್ ಹಾಕಿಸಿದ ಹಾಗಲ್ಲ ಇದು, ಅರ್ಧ ಗಂಟೆ ನಿಲ್ಲಲೇಬೇಕು. ನಿಂತರೆ ಪಕ್ಕದವರು ಮಾತಿಗೆ ಸಿಗುತ್ತಾರೆ. ನಾಯಿ ಕರೆದುಕೊಂಡು ಬಂದಿದ್ದ ಒಬ್ಬ ಹಿರಿಯರು ನಮ್ಮ ಕಾರಿನ ಪರದೆ ನೋಡಿ, "ಮೇಲೆ ಹತ್ತುವಾಗ ಬ್ಯಾಟರಿ ಬೇಗ ಇಳಿಯುತ್ತೆ, ಹೆದರಬೇಡಿ. ಆಚೆ ಇಳಿಯುವಾಗ ವಾಪಸ್ ಕೊಡುತ್ತೆ" ಅಂದರು. ಇವರು ನಂಬಲಿಲ್ಲ.

ಯೈಲೋ ದಾಟಿದ ಮೇಲೆ ಮರಗಳು ಗಿಡ್ಡವಾಗುತ್ತ ಹೋಗಿ ಒಂದು ಹಂತದಲ್ಲಿ ಇಲ್ಲವೇ ಇಲ್ಲ. ಹರ್ದಾಂಗರ್‌ವಿದ್ದ ಎಂಬ ಬಯಲು. ಬಂಡೆ, ಪಾಚಿ, ಅಲ್ಲಲ್ಲಿ ಕರಗದೆ ಉಳಿದ ಹಿಮದ ತೇಪೆ, ಅರ್ಧ ಹೆಪ್ಪುಗಟ್ಟಿದ ಕೆರೆಗಳು. ರಸ್ತೆಯ ಎರಡು ಕಡೆ ಎತ್ತರದ ಕೋಲು ನೆಟ್ಟಿದ್ದರು. ಚಳಿಗಾಲದಲ್ಲಿ ಹಿಮ ಬಿದ್ದಾಗ ರಸ್ತೆ ಎಲ್ಲಿದೆ ಅಂತ ತಿಳಿಯಲು. ಜೂನ್ 20ನೇ ತಾರೀಕು, ಬಾಗಿಲು ತೆಗೆದರೆ ಗಾಳಿ ಕೆನ್ನೆಗೆ ಹೊಡೆಯಿತು. ನಾನು ಸ್ವೆಟರ್ ಮೇಲೆ ಸ್ವೆಟರ್ ಹಾಕಿದೆ.

ಬಯಲು ಮುಗಿಯುವಲ್ಲಿ ವೊರಿಂಗ್ಸ್‌ಫೊಸೆನ್ ಜಲಪಾತ, 182 ಮೀಟರ್. ಕಂದರದ ಮೇಲೆ 2020ರಲ್ಲಿ ಮೆಟ್ಟಿಲಿನ ಸೇತುವೆ ಕಟ್ಟಿದ್ದಾರೆ, 99 ಮೆಟ್ಟಿಲು. ಕೆಳಗಿನ ನೀರಿನ ತುಂತುರು ಮೇಲಕ್ಕೆ ಎದ್ದು ಮುಖಕ್ಕೆ ಬರುತ್ತದೆ. "ಜೋಗ 253 ಮೀಟರ್" ಅಂದೆ. ಹೇಳದಿದ್ದರೆ ಶಿವಮೊಗ್ಗ ಜಿಲ್ಲೆಯವಳು ಅನ್ನಿಸಿಕೊಳ್ಳುವುದು ಹೇಗೆ? "ಆದ್ರೆ ಬೇಸಿಗೆಲಿ ನಿಮ್ ಜೋಗದಲ್ಲಿ ಬಂಡೆ ಮಾತ್ರ ಕಾಣುತ್ತೆ" ಅಂದರು ಉಡುಪಿಯವರು. ಕೇಳಿಸಲಿಲ್ಲ ಅಂತ ಮುಂದೆ ನಡೆದೆ.

ಅಲ್ಲಿಂದ ಐಡ್‌ಫ್ಯೋರ್ಡ್‌ವರೆಗೆ ಬರೀ ಇಳಿಜಾರು, ಸುರಂಗದೊಳಗೇ ಸುತ್ತಿ ಸುತ್ತಿ ಇಳಿಯುವ ರಸ್ತೆ. ಆಗ ಪರದೆಯ ಮೇಲಿನ ಸಂಖ್ಯೆ ಏರಲು ಶುರುವಾಯಿತು. 41 ಪರ್ಸೆಂಟ್ ಇದ್ದದ್ದು 42, ಆಮೇಲೆ 43. ಇವರ ಮುಖ ನೋಡಬೇಕಿತ್ತು. "ಏ, ಘಾಟಿ ಇಳಿದಿದ್ದಕ್ಕೆ ದುಡ್ಡು ವಾಪಸ್ ಕೊಡ್ತಾ ಇದೆ!" ಅಂತ ಕೆಳಗೆ ತಲುಪುವವರೆಗೂ ಹೇಳಿದ್ದೇ ಹೇಳಿದ್ದು.

ದಿನ 4: ಸ್ಟ್ರಾಬೆರಿ ಮತ್ತು ಚಿಕ್ಕಿ

ಬೆಳಿಗ್ಗೆ ಹರ್ದಾಂಗರ್ ಸೇತುವೆ. 2013ರಲ್ಲಿ ಆಗಿದ್ದು, ಎರಡು ಗೋಪುರಗಳ ನಡುವೆಯೇ 1,310 ಮೀಟರ್. ಸೇತುವೆಯ ಎರಡೂ ತುದಿ ಬೆಟ್ಟದ ಹೊಟ್ಟೆಯೊಳಗೆ ನುಗ್ಗುತ್ತವೆ. ಒಳಗೆ ಹೋದರೆ ನೀಲಿ ದೀಪದ ಒಂದು ಸರ್ಕಲ್! ಸುರಂಗದೊಳಗೆ ರೌಂಡ್‌ಅಬೌಟ್ ಇರಬಹುದು ಅಂತ ನಾವಿಬ್ಬರೂ ಊಹಿಸಿರಲಿಲ್ಲ. ಜಿಪಿಎಸ್‌ಗೆ ಅಲ್ಲಿ ತಲೆ ಕೆಟ್ಟಿತು. ಎರಡು ಸುತ್ತು ಹೊಡೆದು, ವೈಪರ್ ಹಾಕಿ, ಸರಿಯಾದ ಬಾಯಲ್ಲಿ ಹೊರಬಂದೆವು.

ಹರ್ದಾಂಗರ್ ಫ್ಯೋರ್ಡ್ ದಂಡೆಯ ಉದ್ದಕ್ಕೂ ಸೇಬು, ಚೆರ್ರಿ ತೋಟಗಳು. ಫ್ಯೋರ್ಡ್ ಅಂದರೆ ಹಿಮನದಿ ಕೊರೆದ ಕಣಿವೆಗೆ ಸಮುದ್ರ ನುಗ್ಗಿದ ಜಾಗ. ನೀರು ಉಪ್ಪು, ಆದರೆ ಅಲೆ ಇಲ್ಲ, ಶರಾವತಿಯ ಹಿನ್ನೀರಿನ ಹಾಗೆ ಸುಮ್ಮನೆ ಮಲಗಿರುತ್ತದೆ.

ದಾರಿಬದಿ ಒಂದು ಪುಟ್ಟ ಮರದ ಗೂಡು. ಒಳಗೆ ಸ್ಟ್ರಾಬೆರಿ ಬುಟ್ಟಿಗಳು. ಅಂಗಡಿಯವರಿಲ್ಲ. ಒಂದು ಡಬ್ಬಿ, ಪಕ್ಕದಲ್ಲಿ ವಿಪ್ಸ್ ನಂಬರ್. ವಿಪ್ಸ್ ಅಂದರೆ ಅಲ್ಲಿನ ಫೋನ್‌ಪೇ ಅನ್ನಿ. ನಮ್ಮಂಥ ಪ್ರವಾಸಿಗರ ಕೈಗೆ ಬರುವುದಲ್ಲ. ಎಲ್ಲೆಡೆ ಕಾರ್ಡ್ ನಡೆಯುತ್ತದೆ ಅಂತ ನಾವು ಒಂದು ಕ್ರೋನೆಯನ್ನೂ ನಗದಾಗಿ ಇಟ್ಟುಕೊಂಡಿರಲಿಲ್ಲ. ದೊಡ್ಡ ಹೋಟೆಲಿನಲ್ಲೆಲ್ಲ ಬೀಗಿದ ಕಾರ್ಡು ಮರದ ಗೂಡಿನ ಮುಂದೆ ಬರೀ ಪ್ಲಾಸ್ಟಿಕ್ ತುಂಡು. ಹಣ್ಣಿನ ವಾಸನೆ ಬೇರೆ ಮೂಗಿಗೆ ಬಡಿಯುತ್ತಿದೆ.

ಆಗ ಟ್ರ್ಯಾಕ್ಟರಿನಲ್ಲಿ ಬಂದ ಒಬ್ಬ ಹುಡುಗ ನಿಲ್ಲಿಸಿದ. ವಿಷಯ ಕೇಳಿ ನಕ್ಕು, ತನ್ನ ಫೋನಿನಿಂದಲೇ ದುಡ್ಡು ಹಾಕಿ ಬುಟ್ಟಿ ನನ್ನ ಕೈಗಿಟ್ಟ. ಯೂರೋ ನೋಟು ಕೊಡಲು ಹೋದರೆ ಬೇಡವೆಂದ. ಕೊನೆಗೆ ಕಾರಿನಿಂದ ಕಡ್ಲೆ ಚಿಕ್ಕಿಯ ಪ್ಯಾಕೆಟ್ ತಂದು ಕೊಟ್ಟೆ. ಅಲ್ಲೇ ಒಂದು ಕಚ್ಚಿ, ಕಣ್ಣರಳಿಸಿ, ಇಡೀ ಪ್ಯಾಕೆಟ್ ಜೇಬಿಗೆ ಸೇರಿಸಿದ. ಹೋಗುವವರು ಒಂದಿಷ್ಟು ಚಿಲ್ಲರೆ ಇಟ್ಟುಕೊಳ್ಳಿ, ಇಲ್ಲವೇ ಚಿಕ್ಕಿ.

ಹಣ್ಣು ಪುಟ್ಟದು, ಒಳಗೂ ಕೆಂಪು. ಅಲ್ಲಿ ಹಗಲು ಉದ್ದ, ತಂಪು ಜಾಸ್ತಿ, ನಿಧಾನ ಹಣ್ಣಾಗುವುದಕ್ಕೇ ಅಷ್ಟು ಸಿಹಿ ಅಂತ ಅವನೇ ಹೇಳಿದ್ದ. ಸ್ಟೈನ್ಸ್‌ದಾಲ್ಸ್‌ಫೊಸೆನ್ ಜಲಪಾತದ ಹಿಂದುಗಡೆ, ನೀರಿನ ಪರದೆಯೊಳಗೆ ನಿಂತು ಬುಟ್ಟಿ ಖಾಲಿ ಮಾಡಿದೆವು.

ದಿನ 5: ಬರ್ಗನ್ ಮಳೆ

ಬರ್ಗನ್‌ನಲ್ಲಿ ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ದಿನ ಮಳೆಯಂತೆ. ನಮಗೂ ಬಂತು. ಹೋಟೆಲಿನ ಹುಡುಗಿ ಬೇಸರದಿಂದ ಕ್ಷಮೆ ಕೇಳಿದಳು. ಆಗುಂಬೆಯ ಎರಡು ಬದಿಯವರಿಗೆ ಮಳೆಯ ಕ್ಷಮೆ! ಇವರು ಕಿಟಕಿ ಹೊರಗೆ ನೋಡಿ, "ಇದು ಮಳೆ ಅಲ್ಲ, ಹನಿ" ಅಂದರು. ಛತ್ರಿ ಮಾತ್ರ ಒಯ್ಯಬೇಡಿ, ಗಾಳಿಗೆ ಉಲ್ಟಾ ಆಗುತ್ತದೆ. ನಮ್ಮದು ಹತ್ತೇ ನಿಮಿಷದಲ್ಲಿ ಕಸದ ಬುಟ್ಟಿ ಸೇರಿತು. ಬುಟ್ಟಿಯಲ್ಲಿ ಆಗಲೇ ಮೂರು ಛತ್ರಿ ಇದ್ದವು.

ಬ್ರಿಗ್ಗೆನ್ ಅಂತ ಬಂದರಿನ ಹಳೆಯ ಮರದ ಮನೆಗಳ ಸಾಲು, ಕೆಂಪು, ಹಳದಿ, ಬಿಳಿ. ಜರ್ಮನಿಯ ಹಾನ್ಸಾ ಎಂಬ ಕೂಟದ ವ್ಯಾಪಾರಿಗಳು ಶತಮಾನಗಟ್ಟಲೆ ಇಲ್ಲಿ ಕೂತು ಉತ್ತರದಿಂದ ಬಂದ ಒಣಮೀನು ಕೊಂಡು ಧಾನ್ಯ ಮಾರಿದರು. 1702ರಲ್ಲಿ ಎಲ್ಲ ಸುಟ್ಟುಹೋಗಿ ಮತ್ತೆ ಅದೇ ಅಚ್ಚಿನಲ್ಲಿ ಕಟ್ಟಿದ್ದು. ಬೆಂಕಿಯ ಭಯಕ್ಕೆ ಈ ಮನೆಗಳಲ್ಲಿ ಒಲೆ ಹಚ್ಚುವಂತಿರಲಿಲ್ಲ. ಅಡಿಗೆಗೂ ಚಳಿ ಕಾಯಿಸುವುದಕ್ಕೂ ಹಿಂದೆ ಬೇರೆಯೇ ಕೋಣೆ. ಎರಡು ಮನೆಗಳ ನಡುವಿನ ಓಣಿ ಹೊಕ್ಕರೆ ಮರದ ಗೋಡೆಗಳು ಎರಡೂ ಕಡೆಯಿಂದ ವಾಲಿಕೊಂಡಿವೆ, ಹಲಗೆ ಕಾಲಡಿ ಕಿರಗುಟ್ಟುತ್ತದೆ. ಅಜ್ಜನ ಮನೆಯ ಅಟ್ಟದಲ್ಲಿ ಅಡಿಕೆ ಚೀಲದ ನಡುವೆ ನಡೆದ ಹಾಗಾಯಿತು.

ಮೀನು ಮಾರುಕಟ್ಟೆ ಇವರ ಮನಸ್ಸು ಮುರಿಯಿತು. ಮಲ್ಪೆ ಬಂದರಿನ ಮನುಷ್ಯ, ಮೀನಿನ ಕಿವಿರು ಎತ್ತಿ ನೋಡಿ ಚೌಕಾಸಿ ಮಾಡಲು ತಯಾರಾಗಿ ಹೋಗಿದ್ದರು. ಅಲ್ಲಿ ಪ್ರವಾಸಿಗರಿಗೆಂದು ಗಾಜಿನೊಳಗೆ ಜೋಡಿಸಿಟ್ಟ ಮೀನು. ಒಂದು ಬಟ್ಟಲು ಸೂಪಿಗೆ ಇನ್ನೂರು ಕ್ರೋನೆಗೂ ಮೇಲೆ. ಎಂಟರಿಂದ ಗುಣಿಸಿದರು, ಮೌನವಾದರು. ಆದರೂ ಒಂದು ತಗೊಂಡು ಇಬ್ಬರೂ ಹಂಚಿಕೊಂಡೆವು. ಕೆನೆ ಹಾಕಿದ ಬಿಸಿ ಸೂಪು, ಮೀನಿನ ತುಂಡು ಬಾಯಲ್ಲಿ ಬಿಡಿಸಿಕೊಳ್ಳುತ್ತಿತ್ತು. "ಚೆನ್ನಾಗಿದೆ, ಹುಳಿ ಇಲ್ಲ ಅಷ್ಟೇ" ಎಂದರು. ರೂಮಿಗೆ ಬಂದು ಅನ್ನ, ಅಪ್ಪೆಮಿಡಿ.

ದಿನ 6: ಭಾನುವಾರ

ಇದು ನಮ್ಮ ತಪ್ಪು. ಆ ದೇಶದಲ್ಲಿ ಭಾನುವಾರ ದೊಡ್ಡ ದಿನಸಿ ಅಂಗಡಿಗಳು ಮುಚ್ಚಿರುತ್ತವೆ, ಪುಟ್ಟ ಅಂಗಡಿ ಮತ್ತು ಪೆಟ್ರೋಲ್ ಬಂಕ್ ಮಾತ್ರ ತೆರೆದಿರುತ್ತವೆ. ಗೊತ್ತಿದ್ದೂ ಶನಿವಾರ ಏನೂ ಕೊಳ್ಳದೆ ಹೊರಟಿದ್ದೆವು.

ಗುದ್‌ವಾಂಗೆನ್ ದಾಟಿ ಹನ್ನೊಂದು ಕಿಮೀ ಉದ್ದದ ಸುರಂಗ ಹೊಕ್ಕು ಹೊರಬಂದರೆ ಉಂದ್ರೆದಾಲ್ ಎಂಬ ಹಳ್ಳಿಯ ತಿರುವು. 1988ರವರೆಗೆ ಇಲ್ಲಿಗೆ ರಸ್ತೆಯೇ ಇರಲಿಲ್ಲ, ದೋಣಿಯೊಂದೇ. ಜನಕ್ಕಿಂತ ಮೇಕೆ ಜಾಸ್ತಿ. ನೀರಿನ ಪಕ್ಕದ ಅಂಗಡಿಯಲ್ಲಿ ಒಬ್ಬ ಅಜ್ಜಿ ಕಂದು ಬಣ್ಣದ ಗಿಣ್ಣಿನಂಥದ್ದನ್ನು ತೆಳ್ಳಗೆ ಹೆರೆದು ಕೈಗಿಟ್ಟರು. ಬ್ರೂನುಸ್ಟ್ ಅಂತ ಹೆಸರು. ನಾಲಿಗೆಗೆ ಇಟ್ಟೆ. ಮೊದಲು ಸಿಹಿ, ಆಮೇಲೆ ಉಪ್ಪು, ಕೊನೆಗೆ ಮೇಕೆ. "ರೀ, ಇದು ಹಾಲುಖೋವಾ!" ಅಂದೆ. ಚೀಸ್ ತೆಗೆದ ಮೇಲೆ ಉಳಿಯುವ ನೀರನ್ನು ಗಂಟೆಗಟ್ಟಲೆ ಕುದಿಸಿ, ಕೈಬಿಡದೆ ತಿರುವಿ, ಕಂದಾಗುವವರೆಗೆ ಬತ್ತಿಸುತ್ತಾರಂತೆ. "ತಳ ಹಿಡಿಯಲ್ವಾ?" ಅಂತ ಕೈಸನ್ನೆಯಲ್ಲಿ ಕೇಳಿದೆ. ಅಜ್ಜಿ ತನ್ನ ಬಲ ಭುಜ ಮುಟ್ಟಿ ತೋರಿಸಿ ಮುಖ ಹಿಂಡಿದರು. ಖೋವಾ ತಿರುವಿದವರಿಗೆಲ್ಲ ಗೊತ್ತು ಆ ಭುಜದ ನೋವು. ಅರ್ಧ ಕೆಜಿ ಕೊಂಡೆವು. ಆ ದಿನದ ಊಟ ಅದೇ ಆಯಿತು.

ಔರ್‌ಲಾಂಡ್‌ನಿಂದ ಲೆರ್ದಾಲ್‌ಗೆ ಎರಡು ದಾರಿ. ಒಂದು ನೆಲದಡಿ, 24.5 ಕಿಮೀ, ಜಗತ್ತಿನಲ್ಲೇ ಉದ್ದದ ರಸ್ತೆ ಸುರಂಗ. ಓಡಿಸುವವರು ತೂಕಡಿಸಬಾರದೆಂದು ಒಳಗೆ ಮೂರು ಕಡೆ ನೀಲಿ ಬೆಳಕಿನ ಗುಹೆ ಮಾಡಿದ್ದಾರೆ. ಇನ್ನೊಂದು ಬೆಟ್ಟದ ಮೇಲಿನ ಹಳೇ ದಾರಿ, ಹಿಮರಸ್ತೆ ಅಂತಲೇ ಕರೆಯುತ್ತಾರೆ, ಬೇಸಿಗೆಯಲ್ಲಿ ಮಾತ್ರ ತೆರೆದಿರುತ್ತದೆ. ಇವರು ಗಡಿಯಾರ ನೋಡಿದರು. ಸಂಜೆ ಐದೂವರೆ. ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, "ಕತ್ತಲಾಗಲ್ಲ ರೀ."

ಮೇಲೆ ಹೋದೆವು. 650 ಮೀಟರ್ ಎತ್ತರದಲ್ಲಿ ಸ್ತೇಗಸ್ತೈನ್ ಅಟ್ಟಣಿಗೆ, ಬೆಟ್ಟದಿಂದ ಮೂವತ್ತು ಮೀಟರ್ ಹೊರಕ್ಕೆ ಚಾಚಿ, ತುದಿಯಲ್ಲಿ ಕೆಳಗೆ ಬಾಗಿದ ಮರದ ಸೇತುವೆ. ತುದಿಗೆ ಗಾಜು ಮಾತ್ರ. ಕೆಳಗೆ ಫ್ಯೋರ್ಡ್‌ನಲ್ಲಿ ಹಡಗೊಂದು ಅಕ್ಕಿಕಾಳಿನಷ್ಟು.

ಅದರಾಚೆ ರಸ್ತೆ ಒಂದೇ ಕಾರು ಹೋಗುವಷ್ಟು. ಎರಡು ಕಡೆ ಕಾರಿಗಿಂತ ಎತ್ತರದ ಹಿಮದ ಗೋಡೆ. ಎದುರಿಗೆ ದೊಡ್ಡ ಕ್ಯಾಂಪರ್ ವ್ಯಾನ್ ಬಂತು. 'ಎಂ' ಅಂತ ಬರೆದ ನೀಲಿ ಫಲಕ ಇರುವಲ್ಲಿ ಮಾತ್ರ ಪಕ್ಕಕ್ಕೆ ಸರಿಯಲು ಜಾಗ. ವ್ಯಾನಿನವರು ದಿಕ್ಕುತೋಚದೆ ಕೂತಿದ್ದರು. ಇವರು ಗಾಜು ಇಳಿಸಿ ತಲೆ ಹೊರಗೆ ಹಾಕಿ, ನೂರಿನ್ನೂರು ಮೀಟರ್ ಒಂದೇ ಏಟಿಗೆ ರಿವರ್ಸ್ ಬಂದರು. ವ್ಯಾನಿನ ಹೆಂಗಸು ಚಪ್ಪಾಳೆ ತಟ್ಟಿದಳು. ಆಗುಂಬೆಯಲ್ಲಿ ಎದುರಿಗೆ ಬಸ್ಸು ಬಂದಾಗ ಕಲಿತ ವಿದ್ಯೆ, ಚಪ್ಪಾಳೆ ಸಿಕ್ಕಿದ್ದು ಮಾತ್ರ ಇದೇ ಮೊದಲು.

ಲೆರ್ದಾಲ್‌ನಲ್ಲಿ ನೀರಿನ ಪಕ್ಕ ಕ್ಯಾಂಪಿಂಗ್ ಜಾಗ, ಮರದ ಪುಟ್ಟ ಗುಡಿಸಲು. ಎರಡು ಮಂಚ, ಒಂದು ಒಲೆ. ಹೋಟೆಲಿಗಿಂತ ಎಷ್ಟೋ ಅಗ್ಗ, ಹಾಸಿಗೆಯ ಹೊದಿಕೆ ನಮ್ಮದೇ ಇರಬೇಕು. ಪರದೆ ಮಾತ್ರ ಸೀರೆಯ ಸೆರಗಿನಷ್ಟು ತೆಳು. ಬಾಗಿಲಿಗೂ ಗಾಜು. ಇವರು ಪಂಚೆ ಬಿಚ್ಚಿ ಬಾಗಿಲಿನ ಕೊಕ್ಕೆಗಳಿಗೆ ಸಿಕ್ಕಿಸಿ ಕತ್ತಲೆ ಮಾಡಿದರು.

ಮಲಗಲಿಲ್ಲ ಆದರೂ. ಜೂನ್ 23, ಸಂತ ಹಾನ್ಸ್ ಸಂಜೆ ಅಂತ ಅವರಿಗೆ. ದಂಡೆಯಲ್ಲಿ ಬೆಂಕಿ ಹಾಕಿದ್ದರು. ಮಕ್ಕಳು ಕೋಲಿಗೆ ಹಿಟ್ಟು ಸುತ್ತಿ ಸುಡುತ್ತಿದ್ದರು. ನಮ್ಮ ಕಾಮನ ಹಬ್ಬದ ಗಲಾಟೆ ಇಲ್ಲ. ಎಲ್ಲ ಸುಮ್ಮನೆ ಕೂತು ಬೆಂಕಿ ನೋಡುವುದು. ಒಬ್ಬ ಅಜ್ಜ ನಮಗೆ ಮಡಚುವ ಕುರ್ಚಿ ಕೊಟ್ಟರು. ಚಳಿಗಾಲದಲ್ಲಿ ಬೆಟ್ಟ ಅಡ್ಡ ಬಂದು ಅವರ ಮನೆಯ ಮೇಲೆ ತಿಂಗಳುಗಟ್ಟಲೆ ಬಿಸಿಲೇ ಬೀಳುವುದಿಲ್ಲವಂತೆ. "ಹಾಗಾದ್ರೆ ಈಗ ಯಾವಾಗ ಮಲಗ್ತೀರಿ?" ಕೇಳಿದೆ. "ನವೆಂಬರಿನಲ್ಲಿ" ಅಂದರು.

ದಿನ 7: ಪಂಚೆ

ಬೆಳಿಗ್ಗೆ ಬೊರ್ಗುಂದ್‌ಗೆ ಹೋದೆವು. ಸುಮಾರು 1180ರ ಮರದ ಚರ್ಚು. ಇಡೀ ಕಟ್ಟಡ ಮರ, ಮೇಲೆ ಕಪ್ಪು ಟಾರು. ಮಾಡಿನ ಮೇಲೆ ಮಾಡು, ತುದಿಯಲ್ಲಿ ಬಾಯಿ ತೆರೆದ ಡ್ರ್ಯಾಗನ್ ತಲೆಗಳು. ಇವರಿಗೆ ತಕ್ಷಣ ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೆನಪಾಯಿತು, ಅದೇ ಇಳಿಜಾರು ಮಾಡಿನ ಅಂತಸ್ತುಗಳು. ಅಲ್ಲಿ ಮಳೆ ಇಳಿಯಬೇಕು, ಇಲ್ಲಿ ಹಿಮ ಜಾರಬೇಕು.

ಒಳಗೆ ಕಾಲಿಟ್ಟರೆ ಕಣ್ಣು ಕಾಣಲಿಲ್ಲ. ಗೋಡೆಯ ತೀರಾ ಮೇಲೆ ಸಣ್ಣ ದುಂಡು ತೂತುಗಳು, ಅಷ್ಟೇ ಬೆಳಕು. ಟಾರಿನ ವಾಸನೆ, ಹೊಸದಾಗಿ ಕೀಲೆಣ್ಣೆ ಹಚ್ಚಿದ ದೋಣಿಯ ಹಾಗೆ. ವಾರದ ನಂತರ ಮೊದಲ ಸಲ ಕತ್ತಲೆ. ಇಬ್ಬರೂ ಗೋಡೆಗೆ ಒರಗಿ ಸುಮ್ಮನೆ ನಿಂತೆವು. ನನಗೆ ನಿದ್ದೆ ಬಂತು.

ಅಲ್ಲಿಂದ ವಾಪಸು ಬಂದು, ಫೋದ್‌ನೆಸ್‌ನಲ್ಲಿ ಫೆರ್ರಿ ಹತ್ತಿ, ಹದಿನೈದು ನಿಮಿಷದಲ್ಲಿ ಆಚೆ ದಡ ಮನ್‌ಹೆಲ್ಲರ್. ಸಿಗಂದೂರಿಗೆ ಲಾಂಚಿನಲ್ಲಿ ಕಾರು ಹಾಕಿಕೊಂಡು ಹೋದವರಿಗೆ ಇದರ ವಿವರಣೆ ಬೇಡ. ಈಗ ಅಲ್ಲಿ ಸೇತುವೆಯಾಗಿದೆ, ಇಲ್ಲಿ ಇನ್ನೂ ಲಾಂಚೇ. ಟಿಕೆಟ್ ಕೌಂಟರಿಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ನೋಡಿಕೊಳ್ಳುತ್ತದೆ, ಬಿಲ್ಲು ಆಮೇಲೆ ಬರುತ್ತದೆ.

ಸೊಗ್ನ್‌ದಾಲ್ ಊರಲ್ಲಿ ಅಂಗಡಿಗೆ ನುಗ್ಗಿ ಬ್ರೆಡ್ಡು, ಮೊಸರು, ಟೊಮೆಟೊ ಎಲ್ಲ ಗಾಡಿಗೆ ತುಂಬಿ ಬಿಲ್ಲಿಗೆ ನಿಂತಾಗ ಹೆಗಲು ಹಗುರ ಅನ್ನಿಸಿತು. ಬ್ಯಾಗಿಲ್ಲ. ಬ್ಯಾಗಿನೊಳಗೆ ಎರಡು ಪಾಸ್‌ಪೋರ್ಟ್. ಹೊಟ್ಟೆಯೊಳಗೆ ಏನೋ ಕುಸಿಯಿತು. ಎಲ್ಲಿಟ್ಟೆ? ಗುಡಿಸಲಿನ ಬಾಗಿಲ ಕೊಕ್ಕೆಗೆ. ಯಾಕೆ ಕಾಣಲಿಲ್ಲ? ಅದರ ಮೇಲೆ ಪಂಚೆ ಇತ್ತು. ಪಂಚೆ ಎಲ್ಲಿ? ಅದೂ ಅಲ್ಲೇ.

ಇವರು ಬೈಯಲಿಲ್ಲ. ಪಂಚೆ ಇವರದಲ್ವಾ.

ಮತ್ತೆ ಫೆರ್ರಿ. ಮತ್ತೆ ಲೆರ್ದಾಲ್. ಒಡತಿ ಕಚೇರಿಯ ಮೇಜಿನ ಮೇಲೆ ಬ್ಯಾಗ್ ಇಟ್ಟುಕೊಂಡೇ ಕೂತಿದ್ದರು. ಪಕ್ಕದಲ್ಲಿ ಪಂಚೆ, ಇಸ್ತ್ರಿ ಮಾಡಿದಷ್ಟು ನೀಟಾಗಿ ಮಡಚಿ. "ಈ ಮೇಜುಬಟ್ಟೆ ತುಂಬ ಚೆನ್ನಾಗಿದೆ, ಎಲ್ಲಿ ಸಿಗುತ್ತೆ?" ಅಂತ ಕೇಳಿದರು. ಇವರು ಗಂಭೀರವಾಗಿ "ಇಂಡಿಯಾ" ಅಂದರು. ಹೃದಯದಾಕಾರದ ಬಿಸಿ ದೋಸೆಯಂಥ ವಾಫಲ್, ಜ್ಯಾಮ್ ಹಾಕಿ ಕೊಟ್ಟು ಕಳಿಸಿದರು. ಮೂರನೇ ಸಲ ಫೆರ್ರಿ. ಫೆರ್ರಿಯ ಹುಡುಗ ಈಗ ನಮಗೆ ಕೈಬೀಸಿದ.

ಮೂರು ಗಂಟೆ ಹೋಯಿತು. ಮುಂದಿದ್ದದ್ದು ಸೊಗ್ನೆಫ್ಯೆಲ್, 1,434 ಮೀಟರ್, ಉತ್ತರ ಯುರೋಪಿನ ಅತಿ ಎತ್ತರದ ಘಾಟಿ ರಸ್ತೆ. ಶೊಲ್ದೆನ್ ಎಂಬ ಊರಿಗೆ ಬಂದಾಗ ರಾತ್ರಿ ಎಂಟೂವರೆ. ಇನ್ನೂರು ಕಿಮೀಗೂ ಉದ್ದದ ಸೊಗ್ನೆ ಫ್ಯೋರ್ಡ್ ಮುಗಿಯುವುದು ಇಲ್ಲೇ. ಕಾರು ನಿಂತಿತು. ಇವರು ಬೆಟ್ಟ ನೋಡಿದರು, ಗಡಿಯಾರ ನೋಡಿದರು. ಎಂಟೂವರೆಗೆ ಘಾಟಿ ಹತ್ತಲು ಶುರು ಮಾಡುವುದು! ಇಬ್ಬರ ಮನೆಯ ಹಿರಿಯರೂ ಹಿಂದಿನ ಸೀಟಿನಲ್ಲಿ ಕೂತಿದ್ದ ಹಾಗಿತ್ತು.

"ಹೋಗೋಣ" ಅಂದರು ಇವರೇ.

ತಿರುವಿನ ಮೇಲೆ ತಿರುವು. ಒಂದೂ ವಾಹನವಿಲ್ಲ. ಹುಲ್ಲು ಹೋಗಿ ಕಲ್ಲು ಬಂತು, ಕಲ್ಲು ಹೋಗಿ ಹಿಮ ಬಂತು. ಮೇಲೆ ತಲುಪಿದಾಗ ಹತ್ತು ಗಂಟೆ. ಸೂರ್ಯ ಹಿಮಶಿಖರಗಳ ಪಕ್ಕದಲ್ಲಿ ಹಳದಿಯಾಗಿ ನೇತಾಡುತ್ತಿದ್ದ. ಕಾರು ನಿಲ್ಲಿಸಿ ಇಳಿದೆವು. ಹಿಮದ ಮೇಲೆ ನಮ್ಮಿಬ್ಬರ ನೆರಳು ತೆಂಗಿನ ಮರದಷ್ಟು ಉದ್ದ ಬಿದ್ದಿತ್ತು. ಎಲ್ಲೋ ಹಿಮದಡಿಯಲ್ಲಿ ನೀರು ಹರಿಯುವ ಸದ್ದು, ಬೇರೇನಿಲ್ಲ. ಫ್ಲಾಸ್ಕಿನಲ್ಲಿ ಚಹಾ ಇತ್ತು, ಆರಿತ್ತು. ಬ್ರೂನುಸ್ಟ್ ಹೆರೆದು ಬ್ರೆಡ್ಡಿಗಿಟ್ಟು ತಿಂದೆವು. ಹತ್ತೂವರೆ ಆಯಿತು. ಹನ್ನೊಂದಾಗುತ್ತ ಬಂತು. ಇವರು ಒಮ್ಮೆಯೂ "ನಡಿ" ಅನ್ನಲಿಲ್ಲ. ಕೊನೆಗೆ ಚಳಿ ತಡೆಯದೆ ನಾನೇ ಅಂದೆ, "ನಡೀರಿ, ಹೊತ್ತಾಯ್ತು."

ಲೊಮ್ ತಲುಪಿದ್ದು ರಾತ್ರಿ ಹನ್ನೆರಡೂವರೆಗೆ. ಕ್ಯಾಂಪಿಂಗ್ ಕಚೇರಿ ಮುಚ್ಚಿತ್ತು, ಕೀಲಿ ಬಾಗಿಲಲ್ಲೇ ಇತ್ತು, ಚೀಟಿಯಲ್ಲಿ ನಮ್ಮ ಹೆಸರು ತಪ್ಪಾಗಿ ಬರೆದಿತ್ತು.

ದಿನ 8 ಮತ್ತು 9: ಗೈರಾಂಗರ್, ಒಲೆಸುಂಡ್

ಬೆಳಿಗ್ಗೆ ಲೊಮ್‌ನ ಬೇಕರಿಯಲ್ಲಿ ಸಾಲು ನಿಂತು ದಾಲ್ಚಿನ್ನಿ ಬನ್ನು ತಿಂದೆವು. ಅದಕ್ಕೆ ನಿಲ್ಲಬಹುದು. ಆದರೆ ಗೈರಾಂಗರ್? ಫೋಟೊಗಳಲ್ಲಿ ನೋಡಿದ ಫ್ಯೋರ್ಡ್ ಅದೇ, ಯುನೆಸ್ಕೊ ಪಟ್ಟಿಯಲ್ಲಿರುವುದು, ಏಳು ಸೋದರಿಯರು ಎಂಬ ಜಲಪಾತ ಇರುವುದು. ಅಂದ ಅಂದರೆ ಅಂದವೇ. ಆದರೆ ಇನ್ನೂರು ಚಿಲ್ಲರೆ ಜನರ ಹಳ್ಳಿಗೆ ಎರಡು ದೊಡ್ಡ ಕ್ರೂಸ್ ಹಡಗುಗಳಿಂದ ಸಾವಿರಾರು ಜನ ಇಳಿದಿದ್ದರು. ಧರ್ಮಸ್ಥಳದ ಲಕ್ಷದೀಪದ ಹಾಗಿತ್ತು. ಸಂಜೆ ಹಡಗು ಹೋದ ಮೇಲೆಯೇ ಊರು ಊರಾಯಿತು. ಅಲ್ಲಿ ರಾತ್ರಿ ತಂಗುವುದಾದರೆ ಮಾತ್ರ ಹೋಗಿ.

ಮರುದಿನ ಹದ್ದಿನ ದಾರಿ, ಹನ್ನೊಂದು ಹೇರ್‌ಪಿನ್ ತಿರುವು. "ನಮ್ದು ಹದಿನಾಲ್ಕು" ಅಂದರು ಇವರು. ಟ್ರೋಲ್‌ಸ್ಟಿಗೆನ್ ಎಂಬ ಹೆಸರಾಂತ ರಸ್ತೆಗೂ ಹೋಗುವ ಆಸೆಯಿತ್ತು. ಬಂಡೆ ಉರುಳುವ ಭಯಕ್ಕೆ ಆ ಬೇಸಿಗೆ ಮುಚ್ಚಿದ್ದರು.

ಐಸ್‌ದಾಲ್–ಲಿಂಗೆ ಫೆರ್ರಿಯಲ್ಲಿ ಸ್ವೇಲೆ ಸಿಕ್ಕಿತು, ದಪ್ಪ ಸೆಟ್‌ದೋಸೆಯನ್ನು ಮಡಚಿ ಒಳಗೆ ಬೆಣ್ಣೆ ಸಕ್ಕರೆ ಹಾಕಿದಂತೆ. ತಿನ್ನುತ್ತಿದ್ದಾಗ ಪಕ್ಕದಲ್ಲಿದ್ದ ಲಾರಿ ಡ್ರೈವರ್ ಪೂರ್ವಕ್ಕೆ ಕೈ ತೋರಿಸಿದರು. ಆ ಕಡೆ ತಾಫ್ಯೋರ್ಡ್. 1934ರ ಏಪ್ರಿಲ್‌ನ ಒಂದು ರಾತ್ರಿ ಅಲ್ಲಿ ಬೆಟ್ಟದ ತುಂಡೊಂದು ನೀರಿಗೆ ಕುಸಿದು, ಎದ್ದ ಅಲೆಗೆ ನಲವತ್ತು ಜನ ಸತ್ತರು. ಗೈರಾಂಗರ್ ಪಕ್ಕದ ಓಕರ್‌ನೆಸೆಟ್ ಬೆಟ್ಟದಲ್ಲಿ ಈಗಲೂ ಬಿರುಕು ಅಗಲವಾಗುತ್ತಿದೆ. ಹಗಲೂ ರಾತ್ರಿ ಯಂತ್ರಗಳಿಂದ ಅಳೆಯುತ್ತಾರೆ, ಊರಿಗೆ ಸೈರನ್ ಇದೆ. "ಆದರೂ ಅಲ್ಲೇ ಇರ್ತಾರಾ?" ಅಂದೆ. "ನಮ್ಮ ಊರಲ್ವಾ" ಅನ್ನುವ ಧಾಟಿಯಲ್ಲಿ ಭುಜ ಕುಣಿಸಿದರು. ನಾವು ವಾಪಸು ಬಂದು ಮೂರು ವಾರ ತುಂಬಿರಲಿಲ್ಲ, ಅಂಕೋಲದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಚಹಾ ಅಂಗಡಿ, ಲಾರಿ, ಜನ ಎಲ್ಲ ಗಂಗಾವಳಿಗೆ. ಟಿವಿ ಮುಂದೆ ಕೂತಾಗ ಇವರು ಕೇಳಿದ್ದು ಒಂದೇ, "ನಮ್ಮಲ್ಲಿ ಯಾರು ಅಳೀತಾರೆ?"

ಒಲೆಸುಂಡ್ 1904ರ ಜನವರಿಯಲ್ಲಿ ಒಂದೇ ರಾತ್ರಿಗೆ ಸುಟ್ಟುಹೋದ ಊರು. ಹತ್ತು ಸಾವಿರ ಜನ ಮನೆ ಕಳೆದುಕೊಂಡರು. ಆಮೇಲೆ ಮೂರೇ ವರ್ಷದಲ್ಲಿ ಕಲ್ಲಿನಲ್ಲಿ ಮತ್ತೆ ಕಟ್ಟಿದ್ದು. 418 ಮೆಟ್ಟಿಲು ಹತ್ತಿ ಮೇಲಿಂದ ನೋಡಿದರೆ ಸಮುದ್ರದಲ್ಲಿ ಯಾರೋ ಚೆಲ್ಲಿದ ಹಾಗೆ ಊರು. ಇಳಿದು ಬಂದಾಗ ಒಂದು ಓಣಿಯಲ್ಲಿ ಇವರು ಥಟ್ಟನೆ ನಿಂತು ಮೂಗೆತ್ತಿದರು. ಅಂಗಡಿಯಲ್ಲಿ ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು ನೇತುಹಾಕಿದ್ದರು. "ಅಮ್ಮನ ಮಾಳಿಗೆ" ಅಂದರು. ಪೂರ್ತಿ ಒಂದು ಮೀನು ಕೊಂಡರು. ಗುಣಿಸಲಿಲ್ಲ.

ದಿನ 10 ಮತ್ತು 11

ಓಸ್ಲೋಗೆ ಐನೂರಕ್ಕೂ ಹೆಚ್ಚು ಕಿಮೀ ವಾಪಸು ಪ್ರಯಾಣ. ಸಾವಿರ ಮೀಟರಿಗೂ ಎತ್ತರಕ್ಕೆ ನೆಟ್ಟಗೆ ನಿಂತ ಟ್ರೋಲ್ ಗೋಡೆ ಎಂಬ ಬಂಡೆ ನೋಡಿದೆವು, ಮ್ಯೋಸಾ ಸರೋವರದ ಪಕ್ಕ ಉಳಿದ ಗೊಜ್ಜವಲಕ್ಕಿ ತಿಂದೆವು. ಮೀನಿನ ವಾಸನೆಗೆ ಕಿಟಕಿ ಇಳಿಸಿಯೇ ಬಂದೆವು. ಬೆಂಗಳೂರಿನಲ್ಲಿ ಇಳಿದ ಸಂಜೆ ಏಳು ಗಂಟೆಗೆ ಕತ್ತಲಾಯಿತು. ಟ್ಯಾಕ್ಸಿಯಲ್ಲಿ ಇಬ್ಬರೂ ತಕ್ಷಣ ನಿದ್ದೆ ಹೋದೆವು.

ಎರಡು ತಿಂಗಳ ಮೇಲೆ ಟೋಲ್ ಮತ್ತು ಫೆರ್ರಿಯ ಬಿಲ್ಲು ಬಂತು. ಇವರು ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿದರು. ಓಸ್ಲೋ, ಬರ್ಗನ್, ಆಮೇಲೆ ಫೋದ್‌ನೆಸ್–ಮನ್‌ಹೆಲ್ಲರ್, ಫೋದ್‌ನೆಸ್–ಮನ್‌ಹೆಲ್ಲರ್, ಫೋದ್‌ನೆಸ್–ಮನ್‌ಹೆಲ್ಲರ್.

"ಇದ್ರಲ್ಲಿ ಎರಡು ನಿನ್ ಬ್ಯಾಗಿಂದು" ಅಂದರು.

"ಒಂದು ನಿಮ್ಮ ಪಂಚೇದು" ಅಂದೆ.